ಬ್ಯಾಟರಿ ಇಳಿದರೆ ತಪ್ಪು ಯಾರದು?

‘ಆರು ತಿಂಗಳ ಹಿಂದಷ್ಟೇ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದೆ. ಈಗ ಮತ್ತೆ ಬೆಳಿಗ್ಗೆ ಸೆಲ್ಫ್ ಹೊಡೆದರೆ ಕಟಕಟ ಅನ್ನುತ್ತೆ, ಎಂಜಿನ್ ತಿರುಗುವುದಿಲ್ಲ. ಈಗ ಬರುವ ಬ್ಯಾಟರಿಗಳೇ ಹೀಗೋ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಬ್ಯಾಟರಿ ಕೆಟ್ಟದ್ದೇ ಇರಬಹುದು. ಆದರೆ ಹೊಸ ಬ್ಯಾಟರಿ ಇಷ್ಟು ಬೇಗ ಕೈಕೊಟ್ಟರೆ ಮೊದಲು ವಿಚಾರಿಸಬೇಕಾದವರು ಬೇರೆಯವರಿದ್ದಾರೆ: ಅದಕ್ಕೆ ಕರೆಂಟು ತುಂಬುವ ಆಲ್ಟರ್ನೇಟರ್, ಆ ಕರೆಂಟನ್ನು ಹೊತ್ತು ತರುವ ವೈರು, ಕಾರು ನಿಂತಿರುವಾಗಲೂ ಕರೆಂಟು ಹೀರುತ್ತಿರುವ ಯಾವುದೋ ಉಪಕರಣ.

ಕಾರಿನ ಬ್ಯಾಟರಿ ಕೈಸಾಲ ಕೊಡುವ ನೆರೆಯವನಿದ್ದಂತೆ. ಎಂಜಿನ್ ಹಿಡಿಯುವವರೆಗೆ ಮಾತ್ರ ಅವನ ದುಡ್ಡು. ಹಿಡಿದ ಮೇಲೆ ಹೆಡ್‌ಲೈಟು, ಫ್ಯಾನು, ಸ್ಟೀರಿಯೊ ಎಲ್ಲದರ ಖರ್ಚು ಆಲ್ಟರ್ನೇಟರಿನದು, ಬೆಳಗಿನ ಸಾಲ ತೀರಿಸುವ ಹೊಣೆಯೂ ಅದರದೇ. ಈ ಸಾಲ ಎಷ್ಟು ಸಣ್ಣದು ಎಂಬುದು ಲೆಕ್ಕ ಹಾಕಿದರೇ ತಿಳಿಯುವುದು. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಮೋಟರು 150 ಆಂಪಿಯರ್ ಎಳೆಯಿತು ಅನ್ನಿ. ದೊಡ್ಡ ಸಂಖ್ಯೆಯೇ, ಆದರೆ ಎರಡು ಸೆಕೆಂಡಿನ ಮಾತು. 0.1 ಆಂಪಿಯರ್-ಅವರ್ ಕೂಡ ಆಗುವುದಿಲ್ಲ. 10 ಆಂಪಿಯರ್‌ನಂತೆ ಹಿಂದಿರುಗಿಸಿದರೆ ಒಂದು ನಿಮಿಷದೊಳಗೆ ಚುಕ್ತಾ. ಅದೇ ಡಿಕ್ಕಿಯೊಳಗೆ ಆರದೆ ಉಳಿದ 5 ವಾಟಿನ ಬಲ್ಬು ನೋಡಿ. ಎಳೆಯುವುದು 0.4 ಆಂಪಿಯರ್ ಮಾತ್ರ, ಆದರೆ ಮೂರು ದಿನ ಉರಿದರೆ 30 ಆಂಪಿಯರ್-ಅವರ್ ಸೋರಿಹೋಗುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಆಮೇಲೆ ಉಳಿಯುವುದೇನು? ದೊಡ್ಡ ಸಾಲ ಅಲ್ಪಕಾಲದ್ದಾದರೆ ತೊಂದರೆಯಿಲ್ಲ, ಸಣ್ಣ ಸೋರಿಕೆ ದಿನವಿಡೀ ನಡೆದರೆ ದಿವಾಳಿ.

ಈ ಸಾಲದ ವ್ಯವಹಾರ ಶುರುವಾದದ್ದು 1912ರಲ್ಲಿ. ಅದಕ್ಕೂ ಮುಂಚೆ ಕಾರುಗಳನ್ನು ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದು ಕೈ ಮುರಿದುಕೊಂಡವರು ಎಷ್ಟೋ ಜನ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮೊದಲು ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿದ್ದವರು. ಅಂಗಡಿಯ ಹಣದ ಪೆಟ್ಟಿಗೆ ತೆರೆಯಲು ಸಣ್ಣ ಮೋಟರು ಅಳವಡಿಸುವಾಗ ಅವರು ಕಂಡುಕೊಂಡ ಸತ್ಯ ಇದು: ಮೋಟರನ್ನು ಕೆಲವೇ ಕ್ಷಣ ದುಡಿಸುವುದಾದರೆ ಅದರ ಗಾತ್ರಕ್ಕೆ ಮೀರಿದ ಕೆಲಸ ತೆಗೆಯಬಹುದು, ಸುಟ್ಟುಹೋಗುವಷ್ಟು ಬಿಸಿಯಾಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕ್ಯಾಡಿಲಾಕ್ ಕಾರಿಗೆ ಅವರು ಮಾಡಿಕೊಟ್ಟ ಯಂತ್ರ ಎಂಜಿನ್ ತಿರುಗಿಸುವ ಮೋಟರೂ ಹೌದು, ಎಂಜಿನ್ ಹಿಡಿದ ಮೇಲೆ ಬ್ಯಾಟರಿ ತುಂಬುವ ಜನರೇಟರೂ ಹೌದು. ನನಗೆ ಈ ಕಥೆ ಬಲು ಇಷ್ಟ. ಏಕೆಂದರೆ ನೂರು ವರ್ಷ ಕಳೆದ ಮೇಲೆ, 2015ರಲ್ಲಿ ಮಾರುತಿ ಸಿಯಾಜ್‌ನಲ್ಲಿ ಹೈಬ್ರಿಡ್ ತಂತ್ರಜ್ಞಾನವೆಂದು ಬಂದದ್ದೂ ಇದೇ ತತ್ವ. ಒಂದೇ ಯಂತ್ರ ತಿರುಗಿಸುತ್ತದೆ, ಅದೇ ತುಂಬುತ್ತದೆ.

ನಡುವೆ ಬಂದದ್ದು ಡೈನಮೋ ಕಾಲ. ನಮ್ಮ ಹಳೆಯ ಅಂಬಾಸಿಡರ್, ಫಿಯಟ್ ಓಡಿಸಿದವರಿಗೆ ಇದು ಗೊತ್ತು. ಎಂಜಿನ್ ನಿಧಾನವಾಗಿ ಓಡುತ್ತಿದ್ದರೆ ಡೈನಮೋ ಚಾರ್ಜ್ ಮಾಡದು. ಆಗ ಬ್ಯಾಟರಿಯ ಕರೆಂಟು ಡೈನಮೋದೊಳಕ್ಕೆ ಹಿಂದೆ ಹರಿಯದಂತೆ ತಡೆಯಲು ಕಟೌಟ್ ಬೇಕಿತ್ತು. ಎಸಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಇದಕ್ಕಿಂತ ಉತ್ತಮವೆಂದು ಎಲ್ಲರಿಗೂ ತಿಳಿದಿದ್ದರೂ ಅದನ್ನು ಡಿಸಿಗೆ ತಿರುಗಿಸುವ ಅಗ್ಗದ, ಪುಟ್ಟ ಸಾಧನ ಇರಲಿಲ್ಲ. ಸಿಲಿಕಾನ್ ಡಯೋಡ್ ಆ ಕೊರತೆ ನೀಗಿಸಿತು. 1960ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಕೂರಿಸಿತು. ಡಯೋಡ್ ಒಂದೇ ದಿಕ್ಕಿಗೆ ಕರೆಂಟು ಬಿಡುವುದರಿಂದ ಕಟೌಟಿನ ಕೆಲಸವೂ ತಾನಾಗಿ ಆಗಿಹೋಯಿತು.

ಡೈನಮೋ ಹೋದರೂ ಆ ಕಾಲದ ಒಂದು ಅಭ್ಯಾಸ ಉಳಿದಿದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಕಿತ್ತು, ಎಂಜಿನ್ ನಿಲ್ಲದಿದ್ದರೆ ‘ಚಾರ್ಜಿಂಗ್ ಸರಿ ಇದೆ’ ಎನ್ನುವ ಪರೀಕ್ಷೆ. ಇವತ್ತಿನ ಕಾರಿನಲ್ಲಿ ಇದು ಅಪಾಯಕಾರಿ. ಬ್ಯಾಟರಿ ಇಲ್ಲದಾದ ಕ್ಷಣ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಹಲವು ಪಟ್ಟು ಜಿಗಿಯುತ್ತದೆ. ಡಯೋಡ್ ಹೋಗಬಹುದು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಹೋಗಬಹುದು. ಯಾರಾದರೂ ಸ್ಪ್ಯಾನರ್ ಹಿಡಿದು ಹಾಗೆ ಮಾಡಲು ಬಂದರೆ ದಯವಿಟ್ಟು ತಡೆಯಿರಿ.

ಬೇಕಾದದ್ದು ಕೆಲವು ನೂರು ರೂಪಾಯಿಯ ಮಲ್ಟಿಮೀಟರು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ ಆಗಲೂ ಮೀಟರ್ ನೋಡಿ. 10ರ ಆಸುಪಾಸಿಗೆ ಇಳಿಯುವುದು ಸಹಜ. 12.6 ಇದ್ದದ್ದು 8ಕ್ಕೆ ಕುಸಿದರೆ ಬ್ಯಾಟರಿಯದೇ ದೋಷ ಇರುವ ಸಂಭವ ಹೆಚ್ಚು. ಆದರೆ ಮೀಟರ್ 12ರ ಮೇಲೇ ನಿಂತು ಸೆಲ್ಫ್ ತಿರುಗದಿದ್ದರೆ, ಕರೆಂಟು ಮೋಟರಿನ ತನಕ ಹೋಗಿಯೇ ಇಲ್ಲ, ಬ್ಯಾಟರಿ ನಿರ್ದೋಷಿ. ಕೊನೆಗೆ ಎಂಜಿನ್ ಓಡಿಸಿ, ಹೆಡ್‌ಲೈಟು, ಫ್ಯಾನು ಹಾಕಿ ನೋಡಿ. 13.8ರಿಂದ 14.5ರ ನಡುವೆ ಇರಬೇಕು. 12.5 ಇದ್ದು ಇಳಿಯುತ್ತಲೇ ಹೋದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಹತೋಟಿ ಕಳೆದುಕೊಂಡಿದೆ, ಬ್ಯಾಟರಿಯ ನೀರು ಆವಿಯಾಗಿ ಕೊಳೆತ ಮೊಟ್ಟೆಯ ವಾಸನೆ ಬರತೊಡಗುತ್ತದೆ.

ಇಲ್ಲಿಯವರೆಗೆ ಹೆಚ್ಚಿನ ಗ್ಯಾರೇಜಿನವರು ಬರುತ್ತಾರೆ. ಅವರೂ ಬಿಟ್ಟುಬಿಡುವುದು ಅರ್ಥಿಂಗ್ ವೈರನ್ನು. ಕರೆಂಟು ಬ್ಯಾಟರಿಯಿಂದ ಹೊರಟರೆ ಸಾಲದು, ಎಂಜಿನ್ ಮತ್ತು ಬಾಡಿಯ ಮೂಲಕ ವಾಪಸು ಬರಬೇಕು. ಆ ದಾರಿಯಲ್ಲಿರುವ ಜಡೆಯಂಥ ತಾಮ್ರದ ಪಟ್ಟಿಯ ಬೋಲ್ಟು ತುಕ್ಕು ಹಿಡಿದರೆ, ಅಥವಾ ಉಡುಪಿ, ಮಂಗಳೂರಿನ ಉಪ್ಪುಗಾಳಿಗೆ ಟರ್ಮಿನಲ್ ಮೇಲೆ ಹಸಿರು ಕಿಲುಬು ಕಟ್ಟಿದರೆ, 0.02 ಓಮ್ ತಡೆ ಹುಟ್ಟುವುದು ಕಷ್ಟವಲ್ಲ. ಏನೂ ಅಲ್ಲವೆನಿಸುವ ಸಂಖ್ಯೆ. ಅದರೊಳಗೆ 50 ಆಂಪಿಯರ್ ಹರಿದಾಗ ಓಮ್ ನಿಯಮದಂತೆ ಒಂದು ಪೂರ್ತಿ ವೋಲ್ಟ್ ಅಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. ಆಲ್ಟರ್ನೇಟರ್ 14.2 ಕೊಟ್ಟರೂ ಬ್ಯಾಟರಿಗೆ ಸಿಗುವುದು 13.2. ಬ್ಯಾಟರಿ ಎಂದೂ ಪೂರ್ತಿ ತುಂಬದೆ, ಫಲಕಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿ ಹರಳಾಗಿ, ಕೆಲವೇ ತಿಂಗಳಲ್ಲಿ ಹಾಳಾಗುತ್ತದೆ. ಹೊಸದು ಹಾಕಿದರೆ ಅದಕ್ಕೂ ಅದೇ ಗತಿ. ಇದನ್ನು ಮೀಟರಿನ ಓಮ್ ಸ್ಕೇಲಿನಲ್ಲಿ ಹುಡುಕಿದರೆ ಸಿಗದು. ಐವತ್ತು ಎಳೆಯಲ್ಲಿ ಒಂದೇ ಎಳೆ ಉಳಿದ ವೈರು ಕೂಡ ಮೀಟರಿನಲ್ಲಿ ಸೊನ್ನೆ ಓಮ್ ತೋರಿಸುತ್ತದೆ. ಕರೆಂಟು ಹರಿಯುವಾಗಲೇ ಅಳೆಯಬೇಕು: ಎಂಜಿನ್ ಓಡಿಸಿ, ಲೈಟು ಹಾಕಿ, ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಆಲ್ಟರ್ನೇಟರಿನ ಮೈಗೆ. 0.2 ವೋಲ್ಟ್‌ಗಿಂತ ಹೆಚ್ಚಿದ್ದರೆ ಕಳ್ಳ ಸಿಕ್ಕಿದ ಹಾಗೆ. ಬೋಲ್ಟ್ ಬಿಚ್ಚಿ ಎಮರಿ ಕಾಗದದಲ್ಲಿ ಉಜ್ಜಿ ಬಿಗಿದರೆ ಬಹುತೇಕ ಸರಿಹೋಗುತ್ತದೆ. ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೂ ಬ್ಯಾಟರಿಯ ಪ್ಲಸ್‌ಗೂ ನಡುವೆ ಇದೇ ಪರೀಕ್ಷೆ ಮಾಡಿ.

ಆಲ್ಟರ್ನೇಟರೇ ತಪ್ಪಿತಸ್ಥನಾದರೆ ಹೆಚ್ಚಾಗಿ ಸವೆದ ಕಾರ್ಬನ್ ಬ್ರಶ್, ಸಡಿಲ ಬೆಲ್ಟು, ಇಲ್ಲವೇ ಡಯೋಡ್. ಹಾಳಾದ ಡಯೋಡ್ ಎರಡು ಕಡೆ ಕರೆಂಟು ಬಿಡುತ್ತಿದ್ದರೆ ರಾತ್ರಿಯೆಲ್ಲ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಹಳೆಯ ಮಾದರಿಗಳಲ್ಲಿ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪವನ್ನೂ ಗಮನಿಸಿ. ಆ ಬಲ್ಬಿನ ಮೂಲಕವೇ ಆಲ್ಟರ್ನೇಟರಿಗೆ ಮೊದಲ ಕರೆಂಟು ಹೋಗುತ್ತದೆ. ಕೀಲಿ ತಿರುಗಿಸಿದಾಗ ಅದು ಹೊತ್ತದಿದ್ದರೆ ಬಲ್ಬು ಸುಟ್ಟಿದೆಯೇ ನೋಡಿ. ಕೆಲವೊಮ್ಮೆ ರಿಪೇರಿ ಅಷ್ಟೇ.

ಎಲ್ಲ ಸರಿಯಿದ್ದೂ ಬೆಳಿಗ್ಗೆ ಬ್ಯಾಟರಿ ಇಳಿದಿದ್ದರೆ ಆಮೇಲೆ ಹಾಕಿಸಿದ ಜಿಪಿಎಸ್, ಡ್ಯಾಶ್‌ಕ್ಯಾಮ್, ಮ್ಯೂಸಿಕ್ ಸಿಸ್ಟಮ್‌ಗಳ ಫ್ಯೂಸ್ ತೆಗೆದು ನೋಡಿ. ನಿಂತ ಕಾರು ಎಳೆಯುವುದು 50 ಮಿಲಿ ಆಂಪಿಯರ್ ಮೀರಬಾರದು. ಅಳೆಯುವಾಗ ಬಾಗಿಲು ಮುಚ್ಚಿ ಅರ್ಧ ಗಂಟೆಯಾದರೂ ಬಿಡಬೇಕು, ಇಂದಿನ ಕಾರಿನ ಎಲೆಕ್ಟ್ರಾನಿಕ್ಸ್ ತಕ್ಷಣ ನಿದ್ದೆಗೆ ಜಾರುವುದಿಲ್ಲ. ಕಲಬುರಗಿ, ರಾಯಚೂರಿನವರ ಬ್ಯಾಟರಿ ಬೆಂಗಳೂರಿನದಕ್ಕಿಂತ ಬೇಗ ಸವೆದರೆ ಅದಕ್ಕೆ 40 ಡಿಗ್ರಿ ಬಿಸಿಲು ಕಾರಣವಿರಬಹುದು. ಶಾಖ ಫಲಕಗಳ ಸವೆತವನ್ನು ಹೆಚ್ಚಿಸುತ್ತದೆ.

ಒಂದು ಎಚ್ಚರಿಕೆ. ಕೆಲವು ಹೊಸ ಕಾರುಗಳಲ್ಲಿ ಇಂಧನ ಉಳಿಸಲು ಕಂಪ್ಯೂಟರೇ ಆಲ್ಟರ್ನೇಟರನ್ನು ನಿಯಂತ್ರಿಸುತ್ತದೆ. ಓಡುವಾಗ 12.6ಕ್ಕೆ ಇಳಿದು, ಬ್ರೇಕ್ ಹಾಕಿದಾಗ 15ರ ಹತ್ತಿರ ಏರುವುದು ಅಲ್ಲಿ ರೋಗವಲ್ಲ. ಅಂಥ ಕಾರಿಗೆ ಕಂಪನಿಯ ಕೈಪಿಡಿಯ ಅಂಕಿಗಳೇ ಪ್ರಮಾಣ.

ಬ್ಯಾಟರಿಗೆ ಸಾವಿರಾರು ರೂಪಾಯಿ ಕೊಡುವ ಮುಂಚೆ ರೀಡಿಂಗ್ ಎಷ್ಟು ಬಂತೆಂದು ಮೆಕ್ಯಾನಿಕ್‌ರನ್ನು ಕೇಳಿ, ನಿಮ್ಮೆದುರೇ ಮೀಟರ್ ಇಟ್ಟು ತೋರಿಸಲು ಹೇಳಿ. ಹೊಸ ಬ್ಯಾಟರಿ ಕೂರಿಸಿದ ಮೇಲೂ ಎಂಜಿನ್ ಓಡಿಸಿ ಇನ್ನೊಮ್ಮೆ ಅಳೆಸಿ, ಆ ಅಂಕಿಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.