ಚೋಕ್ ಎಳೆದರೆ ಮಾತ್ರ ಎದ್ದೇಳುತ್ತಿದ್ದ ನಮ್ಮ ಫಿಯೆಟ್



ಮುಂಬಯಿಯಲ್ಲಿ ನಾಲ್ಕು ಮಂದಿ ಹಿರಿಯ ಕನ್ನಡಿಗರು ಕೂಡಿದರೆ ಊರಿನ ಮಾತು, ಲೋಕಲ್ ಟ್ರೇನಿನ ಮಾತು ಆದ ಮೇಲೆ ಹಳೆಯ ಫಿಯೆಟ್‌ನ ಮಾತು ಬಂದೇ ಬರುತ್ತದೆ. ಅದನ್ನು ಸ್ಟಾರ್ಟ್ ಮಾಡುವ ಗುಟ್ಟು ತನಗೊಬ್ಬನಿಗೇ ಗೊತ್ತಿತ್ತು ಎಂದು ಪ್ರತಿಯೊಬ್ಬರೂ ಹೇಳುತ್ತಾರೆ. ಮೊಮ್ಮಕ್ಕಳಿಗೆ ಆಶ್ಚರ್ಯ. ಕಾರಿಗೆ ಎಂಥ ಗುಟ್ಟು? ಗುಂಡಿ ಒತ್ತಿದರೆ ಆಯಿತಲ್ಲ! ಆ ಕಾರು ಯಾಕೆ ಹಾಗಿತ್ತು ಎಂಬುದನ್ನು ಈ ಸಲ ಸ್ವಲ್ಪ ನೋಡೋಣ.

ಇದು ನಮ್ಮ ಮುಂಬಯಿಯದೇ ಕಾರು. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ ಕಾರುಗಳನ್ನು ತಯಾರಿಸುತ್ತಿತ್ತು. 1950ರ ದಶಕದ ಗುಂಡು ಬೆನ್ನಿನ ಫಿಯೆಟ್ 1100ಕ್ಕೆ ಮುಂಬಯಿಕರರು ಇಟ್ಟ ಹೆಸರು ‘ಡುಕ್ಕರ್ ಫಿಯೆಟ್’. ಡುಕ್ಕರ್ ಅಂದರೆ ಮರಾಠಿಯಲ್ಲಿ ಹಂದಿ! ಅದರ ಮುಂದಿನ ಬಾಗಿಲುಗಳು ಹಿಂದುಮುಂದಾಗಿ ತೆರೆಯುತ್ತಿದ್ದವು. 1964ರಲ್ಲಿ ಚೌಕಾಕಾರದ ‘ಡಿಲೈಟ್’ ಬಂತು. ಅದೇ ಮುಂದೆ ‘ಪ್ರೀಮಿಯರ್ ಪ್ರೆಸಿಡೆಂಟ್’ ಆಗಿ, 1974ರಿಂದ ಚಿತ್ತೂರಿನ ರಾಣಿಯ ಹೆಸರಿನಲ್ಲಿ ‘ಪದ್ಮಿನಿ’ ಆಯಿತು.

ಹೆಸರು ಬದಲಾಯಿತೇ ಹೊರತು ಕಾರು ಹೆಚ್ಚು ಬದಲಾಗಲಿಲ್ಲ. ಅದಕ್ಕೆ ಕಾರಣ ಲೈಸೆನ್ಸ್ ರಾಜ್ಯ. ಎಷ್ಟು ಕಾರು ತಯಾರಾಗಬೇಕೆಂದು ಸರಕಾರವೇ ನಿರ್ಧರಿಸುತ್ತಿತ್ತು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುವ ಗಿರಾಕಿಗಳಿದ್ದಾಗ ಕಾರನ್ನು ಸುಧಾರಿಸುವ ಅವಸರ ಯಾರಿಗಿರುತ್ತದೆ? ಹೀಗಾಗಿ ಅರುವತ್ತರ ದಶಕದ ಯಂತ್ರವನ್ನೇ ನಾವು ತೊಂಬತ್ತರ ದಶಕದಲ್ಲೂ ಓಡಿಸಿದೆವು.

ಇನ್ನು ಆ ಗುಟ್ಟುಗಳ ವಿಷಯ. ತಣ್ಣಗಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಚೋಕ್ ಎಳೆದರೆ ಕಾರ್ಬುರೇಟರಿಗೆ ಹೋಗುವ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ, ಎಂಜಿನ್ ಹೊತ್ತಿಕೊಳ್ಳುತ್ತದೆ. ಬಿಸಿಯಾದ ಮೇಲೆ ಚೋಕನ್ನು ಒಳಗೆ ತಳ್ಳಲು ಮರೆತರೆ ಪ್ಲಗ್ ಕಪ್ಪಾಗಿ ಕಾರು ನಿಲ್ಲುತ್ತಿತ್ತು. ಮುಂಬಯಿಯ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕೂತರೆ ಪ್ಲಗ್‌ಗೆ ಕಿಡಿ ತಲುಪದು. ಅದಕ್ಕೇ ಸೀಟಿನ ಕೆಳಗೆ ಸದಾ ಒಂದು ಒಣ ಬಟ್ಟೆ. ಮೇ ತಿಂಗಳ ಬಿಸಿಲಲ್ಲಿ ಇನ್ನೊಂದು ತಾಪತ್ರಯ: ಎಂಜಿನ್ನಿನ ಕಾವಿಗೆ ಪೆಟ್ರೋಲ್ ನಳಿಗೆಯಲ್ಲೇ ಆವಿಯಾಗಿ, ಪಂಪ್ ಅದನ್ನು ಎಳೆಯಲಾರದೆ ಸೋಲುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾದರೆ ಮತ್ತೆ ಹೊರಡುತ್ತಿತ್ತು. ರಜೆಗೆಂದು ಊರಿಗೆ ಹೊರಟವರು ಖಂಡಾಲಾ ಘಾಟಿಗೆ ನೀರಿನ ಕ್ಯಾನ್ ಇಟ್ಟುಕೊಂಡೇ ಹೋಗುತ್ತಿದ್ದರು, ರೇಡಿಯೇಟರ್ ಕುದಿಯುವುದು ಖಾತ್ರಿ ಎಂದು.

ಗೇರ್ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ ಇದ್ದುದಕ್ಕೂ ಒಂದು ಲಾಭವಿತ್ತು. ಕಾಲಿನ ಹತ್ತಿರ ಅಡ್ಡಿ ಇಲ್ಲದ್ದರಿಂದ ಉದ್ದನೆಯ ಮುಂದಿನ ಸೀಟಿನಲ್ಲಿ ಮೂವರು ಕೂರಬಹುದಿತ್ತು. 1089 ಸಿಸಿ, ಸುಮಾರು 40 ಅಶ್ವಶಕ್ತಿಯ ಪುಟ್ಟ ಕಾರಿನಲ್ಲಿ ಇಡೀ ಸಂಸಾರ ಮದುವೆಗೆ ಹೋಗಿ ಬರುತ್ತಿದ್ದುದು ಹೀಗೆ.

ನಮ್ಮ ಬೆಂಗಳೂರೂ ಹಿಂದೆ ಬಿದ್ದಿರಲಿಲ್ಲ. ಅಲ್ಲಿ ಎಪ್ಪತ್ತರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಕಾರು ಹುಟ್ಟಿತು. ಎಂಬತ್ತರ ದಶಕದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯ ‘ಸಿಪಾನಿ ಡಾಲ್ಫಿನ್’ ಬಂತು. ಎರಡೇ ಬಾಗಿಲು, ಫೈಬರ್‌ಗ್ಲಾಸ್ ಮೈ. ಸಮುದ್ರದ ಉಪ್ಪುಗಾಳಿಗೆ ಫಿಯೆಟ್‌ನ ತಗಡು ತುಕ್ಕು ಹಿಡಿಯುವುದನ್ನು ಕಂಡವರಿಗೆ, ತುಕ್ಕೇ ಹಿಡಿಯದ ಮೈ ಎಂದರೆ ಎಷ್ಟು ಆಸೆ ಹುಟ್ಟಿರಬೇಡ! ಆದರೆ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಮುಂದೆ ಇವು ಯಾವುವೂ ನಿಲ್ಲಲಿಲ್ಲ.

ಪದ್ಮಿನಿಯ ತಯಾರಿ 2000ದ ಹೊತ್ತಿಗೆ ನಿಂತಿತು. ಕುರ್ಲಾದ ಕಾರ್ಖಾನೆಯ ಜಾಗದಲ್ಲಿ ಈಗ ಕೊಹಿನೂರ್ ಸಿಟಿ ಇದೆ. ಮುಂಬಯಿಯಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರಿನಲ್ಲಿ ನೋಂದಣಿಯಾಗಿದ್ದರಿಂದ, 2023ರ ಅಕ್ಟೋಬರ್ ಕೊನೆಗೆ ಕಾಲಿ-ಪೀಲಿ ಪದ್ಮಿನಿಗಳ ಕಾಲ ಮುಗಿಯಿತು.

ಖಾಸಗಿ ಕಾರುಗಳಿಗೆ ಇನ್ನೂ ಅವಕಾಶವಿದೆ. 15 ವರ್ಷ ದಾಟಿದ ಕಾರನ್ನು ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ಆದರೆ ಬಿಡಿಭಾಗ ಹುಡುಕುವುದಕ್ಕಿಂತಲೂ, ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿಯನ್ನು ಹುಡುಕುವುದು ಕಷ್ಟ. ಆ ಕಾರುಗಳು ಚೆನ್ನಾಗಿದ್ದವು ಎಂದು ನಾವು ಹೇಳುತ್ತಿಲ್ಲ. ಇಂದಿನವು ಎಷ್ಟೋ ಮೇಲು. ಆದರೆ ಕೊರತೆಯ ಆ ಕಾಲ ಸಾಮಾನ್ಯ ಗುಮಾಸ್ತನಿಗೂ ಯಂತ್ರದ ಒಡಲು ಪರಿಚಯ ಮಾಡಿಸಿತ್ತು. ಆ ತಿಳಿವಳಿಕೆ ಯಾವ ಪುಸ್ತಕದಲ್ಲೂ ಬರೆದಿಟ್ಟದ್ದಲ್ಲ, ಮನುಷ್ಯರ ಕೈಯಲ್ಲಿದ್ದದ್ದು. ಅವರ ಜೊತೆಗೇ ಹೋಗಿಬಿಡುತ್ತದೆ.

ನಿಮ್ಮ ಬಿಲ್ಡಿಂಗಿನ ಮೂಲೆಯಲ್ಲಿ ಹೊದಿಕೆ ಹೊದ್ದ ಫಿಯೆಟ್ ಇದೆಯೇ? ಗುಜರಿಗೆ ಹೋಗುವ ಮೊದಲು ಅದರ ಯಜಮಾನರನ್ನು ಮಾತನಾಡಿಸಿ. ಚೋಕ್ ಎಷ್ಟು ಎಳೆಯಬೇಕಿತ್ತು ಎಂದು ಕೇಳಿ ನೋಡಿ. ಉತ್ತರ ಖಂಡಿತ ಒಂದು ಗಂಟೆಯಾದರೂ ಇರುತ್ತದೆ.