ಕ್ರೈಸ್ತ ಗೃಹಜೀವನದಲ್ಲಿ ದೇವರ ಪರಿಪಾಲನೆ

ಒಂದು ಮತದವರು ದೇವರ ವಿಷಯದಲ್ಲಿ ಏನನ್ನು ನಂಬುತ್ತಾರೆಂಬುದನ್ನು ಅವರ ಶಾಸ್ತ್ರಗ್ರಂಥಗಳಿಂದ ತಿಳಿಯಬಹುದು. ಆದರೆ ಆ ನಂಬಿಕೆ ಅವರ ಬಾಳಿನಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನು ತಿಳಿಯಬೇಕಾದರೆ, ಮನೆಯಲ್ಲಿ ಹಿಟ್ಟು ತೀರಿದ ದಿನ, ಮಗುವಿಗೆ ಜ್ವರ ಏರಿದ ರಾತ್ರಿ, ಕೆಲಸ ಕೈತಪ್ಪಿದ ತಿಂಗಳು ಅವರು ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ನೋಡಬೇಕು. ಕ್ರೈಸ್ತರ ಮನೆಗಳಲ್ಲಿ ಇಂಥ ಹೊತ್ತಿಗೆ ಆಸರೆಯಾಗುವ ನಂಬಿಕೆಗೆ ದೇವರ ಪರಿಪಾಲನೆಯೆಂದು ಹೆಸರು. ನನ್ನ ಸಹಪಾಠಿಗಳಲ್ಲಿ ಹಲವರು ಇದನ್ನು ಕುರಿತು ನನ್ನನ್ನು ಕೇಳಿದ್ದುಂಟು. “ದೇವರು ಎಲ್ಲವನ್ನೂ ಒದಗಿಸುತ್ತಾನೆಂದು ನೀವು ಹೇಳುವಿರಲ್ಲ, ಹಾಗಿದ್ದರೆ ನೀನು ಪರೀಕ್ಷೆಗೆ ಓದುವುದೇಕೆ?” ಎಂದು ಒಬ್ಬ ಮಿತ್ರನು ನಗುತ್ತ ಕೇಳಿದನು. ಪ್ರಶ್ನೆ ವಿನೋದದ್ದಾದರೂ ವಿಷಯ ವಿನೋದದ್ದಲ್ಲ. ಆದುದರಿಂದ, ಪಂಡಿತನಲ್ಲದಿದ್ದರೂ ಅಂಥ ಮನೆಯೊಂದರಲ್ಲಿ ಬೆಳೆದವನಾದ ನಾನು, ನನಗೆ ತಿಳಿದಷ್ಟನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ಶಬ್ದಾರ್ಥವನ್ನು ನೋಡೋಣ. ಪರಿಪಾಲನೆಗೆ ಇಂಗ್ಲಿಷಿನವರು ಬಳಸುವ ‘ಪ್ರಾವಿಡೆನ್ಸ್’ ಎಂಬ ಪದವು ‘ಮುಂದಾಗಿ ನೋಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ಸತ್ಯವೇದದ ಆದಿಕಾಂಡದಲ್ಲಿ ಅಬ್ರಹಾಮನು ತನ್ನ ಮಗನಿಗೆ ಬದಲಾಗಿ ಬಲಿಗೆ ಟಗರು ದೊರೆತ ಬೆಟ್ಟಕ್ಕೆ ‘ಯೆಹೋವ ಯೀರೆ’ ಎಂದು ಹೆಸರಿಟ್ಟನು. ಆ ಹೀಬ್ರೂ ಮಾತಿಗೆ ‘ದೇವರು ನೋಡುವನು’ ಎಂದೂ ‘ದೇವರು ಒದಗಿಸುವನು’ ಎಂದೂ ಎರಡರ್ಥ. ನೋಡುವುದಕ್ಕೂ ಒದಗಿಸುವುದಕ್ಕೂ ಏನು ಸಂಬಂಧವೆಂದು ಬೇರೆ ಭಾಷೆಯವರು ಕೇಳಿಯಾರು. ಕನ್ನಡಿಗರಿಗೆ ಈ ಸಂಶಯ ಬರಲಾರದು. “ಮುದುಕರನ್ನು ನೋಡಿಕೊಳ್ಳುವವರು ಯಾರು?” ಎಂದು ನಾವು ಕೇಳುತ್ತೇವಷ್ಟೆ. ನೋಡುವುದರಿಂದಲೇ ನೋಡಿಕೊಳ್ಳುವುದು ಹುಟ್ಟಿದೆ. ದೇವರು ಲೋಕವನ್ನು ಸೃಷ್ಟಿಸಿ ಕೈಬಿಡಲಿಲ್ಲ, ಅದನ್ನು ಈಗಲೂ ನೋಡಿಕೊಳ್ಳುತ್ತಿದ್ದಾನೆ ಎಂಬುದೇ ಪರಿಪಾಲನೆಯ ಸರಳಾರ್ಥ.

ಈ ಭಾವನೆ ಕ್ರೈಸ್ತರ ಸ್ವಂತ ಸೊತ್ತೆಂದು ನಾನು ಹೇಳುವುದಿಲ್ಲ. ಗುಡ್ಡದ ನೆತ್ತಿಯ ಮರವನ್ನೂ ಕಲ್ಲೊಳಗಿನ ಜೀವಿಯನ್ನೂ ಸಲಹುವವನು ನಮ್ಮನ್ನು ಬಿಡಲಾರನೆಂದು ಕನಕದಾಸರು ಹಾಡಿರುವುದನ್ನು ಬಲ್ಲ ಕನ್ನಡಿಗರಿಗೆ, ಯೇಸುವು ಪರ್ವತ ಪ್ರಸಂಗದಲ್ಲಿ ಹಕ್ಕಿಗಳನ್ನೂ ಅಡವಿಯ ಹೂಗಳನ್ನೂ ತೋರಿಸಿ ಜನರ ಚಿಂತೆಯನ್ನು ಬಿಡಿಸಿದ ಮಾತು ಹೊಸದೆನಿಸದು. ಕ್ರೈಸ್ತರಲ್ಲಿ ಇದು ಪಡೆದಿರುವ ವಿಶೇಷ ರೂಪವನ್ನು ತಿಳಿಸುವುದಷ್ಟೇ ನನ್ನ ಉದ್ದೇಶ.

ಆ ರೂಪದ ತಿರುಳು ‘ಅನುದಿನ’ ಎಂಬ ಒಂದು ಮಾತಿನಲ್ಲಿದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಆಹಾರಕ್ಕಾಗಿ ಬೇಡಿಕೆಯಿದೆ. ಆದರೆ ವರ್ಷಕ್ಕಾಗುವಷ್ಟು ಕಣಜವನ್ನು ಅದರಲ್ಲಿ ಬೇಡಿಲ್ಲ, ಆ ದಿನದ ಆಹಾರವನ್ನು ಮಾತ್ರ ಬೇಡಿದೆ. ಇದರ ಹಿಂದೆ ವಿಮೋಚನಕಾಂಡದ ಕಥೆಯೊಂದಿದೆ. ಐಗುಪ್ತದ ದಾಸತ್ವದಿಂದ ಹೊರಟ ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ‘ಮನ್ನ’ ಎಂಬ ಆಹಾರವು ಪ್ರತಿದಿನ ಮುಂಜಾನೆ ನೆಲದ ಮೇಲೆ ದೊರೆಯುತ್ತಿತ್ತು. ಅವರವರಿಗೆ ಬೇಕಾದಷ್ಟನ್ನು ಮಾತ್ರ ಕೂಡಿಸಿಕೊಳ್ಳಬೇಕೆಂಬುದು ಕಟ್ಟಳೆ. ನಾಳೆಗೆಂದು ಬಚ್ಚಿಟ್ಟವರ ಪಾಲು ಹುಳಬಿದ್ದು ನಾರಿತು. ಆದರೆ ಸಬ್ಬತ್ತಿನ ವಿಶ್ರಾಂತಿಗಾಗಿ ಆರನೆಯ ದಿನ ಎರಡು ದಿನಗಳ ಪಾಲನ್ನು ಕೂಡಿಸಿದರೆ ಅದು ಕೆಡಲಿಲ್ಲ. ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ನಾಳೆಗಾಗಿ ತೆಗೆದಿಡುವುದೇ ತಪ್ಪೆಂದು ಕಥೆ ಹೇಳುವುದಿಲ್ಲ. ಹೆದರಿಕೆಯಿಂದ ಬಚ್ಚಿಡುವುದನ್ನು ಅದು ಖಂಡಿಸುತ್ತದೆ. ಎರಡನೆಯದಾಗಿ, ಮನ್ನವು ಯಾರ ಬಾಯಿಗೂ ತಾನಾಗಿ ಬಂದು ಬೀಳಲಿಲ್ಲ. ಬಿಸಿಲೇರುವ ಮೊದಲೇ ಎದ್ದು ಹೋಗಿ ಬಾಗಿ ಆರಿಸಿಕೊಳ್ಳಬೇಕಾಗಿತ್ತು.

ನನ್ನ ಮಿತ್ರನ ಪ್ರಶ್ನೆಗೆ ಉತ್ತರ ಇಲ್ಲಿಯೇ ಸಿಕ್ಕುತ್ತದೆ. ಹಕ್ಕಿಗೆ ದೇವರು ಕಾಳು ಕೊಡುತ್ತಾನೆ, ಗೂಡಿಗೆ ತಂದು ಸುರಿಯುವುದಿಲ್ಲ. ದುಡಿಯಲೊಲ್ಲದವನು ಉಣ್ಣಲೂ ಬಾರದೆಂದು ಪೌಲನು ಥೆಸಲೋನಿಕದ ಸಭೆಗೆ ಕಟ್ಟುನಿಟ್ಟಾಗಿ ಬರೆದನು. ಅವನು ತಾನೂ ಗುಡಾರ ಮಾಡುವ ಕಸುಬಿನಿಂದ ಜೀವಿಸಿದವನು. ಆದುದರಿಂದ ಪರಿಪಾಲನೆಯ ನಂಬಿಕೆ ಹಣೆಬರಹದ ನಂಬಿಕೆಯಲ್ಲ. “ಆಗುವುದು ಆಗಿಯೇ ತೀರುವುದು, ನಾನು ಮಾಡುವುದೇನಿದೆ?” ಎಂದು ಕೈಕಟ್ಟಿ ಕೂಡುವವನು ಎದುರಿನಲ್ಲಿ ಕಾಣುವುದು ಒಂದು ಗೋಡೆಯನ್ನು, “ನನ್ನ ತಂದೆ ನೋಡುತ್ತಿದ್ದಾನೆ, ನನ್ನ ಪಾಲಿನ ಕೆಲಸವನ್ನು ನಾನು ಮಾಡುವೆನು” ಎನ್ನುವವನು ಕಾಣುವುದು ಒಂದು ಮುಖವನ್ನು. ಮೊದಲನೆಯವನಿಗೆ ಪ್ರಾರ್ಥನೆ ಸಾಧ್ಯವಿಲ್ಲ, ಎರಡನೆಯವನಿಗೆ ಸೋಮಾರಿತನ ಸಾಧ್ಯವಿಲ್ಲ.

ಈ ತತ್ವವನ್ನು ಮನೆಮಾತಾಗಿ ಕಲಿಸಲು ಯೂರೋಪಿನ ಸುಧಾರಣೆಯ ಕಾಲದಲ್ಲಿ ಪ್ರಶ್ನೋತ್ತರ ಪುಸ್ತಕಗಳು ಹುಟ್ಟಿದವು. ಮಾರ್ಟಿನ್ ಲೂಥರನು 1529ರಲ್ಲಿ ಪ್ರಕಟಿಸಿದ ಚಿಕ್ಕ ಪ್ರಶ್ನೋತ್ತರಿಯಲ್ಲಿ ‘ಅನುದಿನದ ಆಹಾರ’ವೆಂದರೆ ಏನೆಂಬ ಪ್ರಶ್ನೆಗೆ ಅನ್ನ ಬಟ್ಟೆಗಳನ್ನು ಮಾತ್ರ ಹೇಳಿಲ್ಲ, ಮನೆ, ಹೊಲ, ದನಕರು, ಒಳ್ಳೆಯ ಸಂಗಾತಿ, ಒಳ್ಳೆಯ ಅಧಿಕಾರಿಗಳು, ಒಳ್ಳೆಯ ಹವೆ, ನಂಬಿಕೆಯುಳ್ಳ ನೆರೆಹೊರೆಯವರು ಇವರೆಲ್ಲರನ್ನೂ ಎಲ್ಲವನ್ನೂ ಸೇರಿಸಿದೆ. ಜರ್ಮನಿಯ ಹೈಡೆಲ್ಬರ್ಗ್ ನಗರದಲ್ಲಿ 1563ರಲ್ಲಿ ಹೊರಬಂದ ಪ್ರಶ್ನೋತ್ತರಿಯು ಮಳೆಯೂ ಬರಗಾಲವೂ ಆರೋಗ್ಯವೂ ರೋಗವೂ ದೇವರ ಕೈಮೀರಿ ಬರುವುದಿಲ್ಲವೆಂದು ಹೇಳಿ, ಇದನ್ನು ತಿಳಿದುದರಿಂದ ಮೂರು ಪ್ರಯೋಜನಗಳನ್ನು ಎಣಿಸುತ್ತದೆ: ಕಷ್ಟದಲ್ಲಿ ತಾಳ್ಮೆ, ಸುಖದಲ್ಲಿ ಕೃತಜ್ಞತೆ, ಮುಂಬರುವ ದಿನಗಳ ವಿಷಯದಲ್ಲಿ ಭರವಸೆ. ಈ ಮೂರೂ ಮನೆಯೊಳಗೆ ಹೇಗೆ ಕಾಣಿಸಿಕೊಳ್ಳುತ್ತವೆಂಬುದನ್ನು ಇನ್ನು ಹೇಳುವೆನು.

ಕೃತಜ್ಞತೆ ಕಾಣುವುದು ಊಟದ ಹೊತ್ತಿನಲ್ಲಿ. ತಟ್ಟೆಯಲ್ಲಿ ಏನೇ ಇರಲಿ, ಒಬ್ಬರು ಪ್ರಾರ್ಥಿಸಿದ ಹೊರತು ಯಾರೂ ಕೈಯಿಕ್ಕುವುದಿಲ್ಲ. ಸುಗ್ಗಿಯ ಸ್ತೋತ್ರಾರಾಧನೆಯ ದಿನ ಜೋಳದ ತೆನೆ, ಕುಂಬಳಕಾಯಿ, ತತ್ತಿ, ಬಾಳೆಗೊನೆ ಮುಂತಾಗಿ ಅವರವರ ಬೆಳೆಯನ್ನು ದೇವಾಲಯಕ್ಕೆ ಒಯ್ದು ಒಪ್ಪಿಸುವುದೂ, ಅವುಗಳನ್ನು ಸವಾಲು ಹಾಕಿ ಬಂದ ಹಣವನ್ನು ಸಭೆಯ ಕೆಲಸಕ್ಕೆ ಕೊಡುವುದೂ ಇದರ ಇನ್ನೊಂದು ಮುಖ. ಭರವಸೆ ಕಾಣುವುದು ಮಾತಿನ ರೀತಿಯಲ್ಲಿ. “ದೇವರ ಚಿತ್ತವಾದರೆ ನಾಳೆ ಬರುತ್ತೇನೆ” ಎಂದು ನಮ್ಮ ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ನಾಳೆ ಇಂಥ ಪಟ್ಟಣಕ್ಕೆ ಹೋಗಿ ವ್ಯಾಪಾರಮಾಡಿ ಲಾಭಗಳಿಸುವೆವೆಂದು ಜಂಬದಿಂದ ನುಡಿಯುವವರಿಗೆ ಯಾಕೋಬನು ತನ್ನ ಪತ್ರಿಕೆಯಲ್ಲಿ ಕೊಟ್ಟ ಬುದ್ಧಿವಾದವೇ ಈ ರೂಢಿಯ ಮೂಲ.

ತಾಳ್ಮೆಯ ವಿಷಯವನ್ನು ಹೇಳಲು ನಮ್ಮ ಮನೆಯದನ್ನೇ ಹೇಳಬೇಕಾಗುತ್ತದೆ. ನಮ್ಮದು ನೇಕಾರರ ಮನೆ. ಒಂದು ವರ್ಷ ಮಳೆ ಹೋಯಿತು. ನೂಲಿನ ಬೆಲೆ ಏರಿತು. ನೆಯ್ದು ಕೊಟ್ಟ ಸೀರೆಗಳ ಹಣವನ್ನು ಒಬ್ಬ ವ್ಯಾಪಾರಿಯು ತಿಂಗಳುಗಟ್ಟಲೆ ಕೊಡಲಿಲ್ಲ. ಅಪ್ಪನು ಸಂಜೆಯ ಪ್ರಾರ್ಥನೆಯನ್ನು ಒಂದು ದಿನವೂ ಬಿಡಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ದೀಪದ ಮುಂದೆ ಕುಳಿತು, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದನ್ನು ಒಂದು ವಹಿಯಲ್ಲಿ ಬರೆಯುತ್ತಿದ್ದನು. ಬೆಳಗಾದೊಡನೆ ಬೇರೆಯವರ ಮಗ್ಗದ ಮೇಲೆ ಕೂಲಿಗೆ ಹೋಗುತ್ತಿದ್ದನು. ಈ ಮೂರು ಕೆಲಸಗಳಲ್ಲಿ ಯಾವುದೊಂದೂ ಇನ್ನೊಂದಕ್ಕೆ ವಿರೋಧವೆಂದು ಅವನಿಗೆ ತೋರಲಿಲ್ಲ. ಒಂದು ಸಂಜೆ ಹಿಟ್ಟು ಪೂರಾ ತೀರಿದಾಗ, ನೆರೆಮನೆಯ ಲಿಂಗಾಯತರ ಅಜ್ಜಿಯು ಸೆರಗಿನ ಮರೆಯಲ್ಲಿ ಒಂದು ಬುಟ್ಟಿ ಜೋಳವನ್ನು ತಂದು ನಡುಮನೆಯಲ್ಲಿಟ್ಟಳು. “ನಮ್ಮ ಮನ್ಯಾಗ ಜ್ವಾಳ ಇರೂತನ ನಿಮ್ಮ ಹುಡುಗ್ರು ಯಾಕ ಉಪಾಸ ಮಲಗಬೇಕವ್ವಾ? ಬಂದಾಗ ಕೊಡಾಕಂತಿ” ಎಂದಳು. ಆ ರಾತ್ರಿ ರೊಟ್ಟಿಯ ಮುಂದೆ ಅವ್ವನು ದೇವರನ್ನೂ ಸ್ತುತಿಸಿದಳು, ಆ ಅಜ್ಜಿಯ ಹೆಸರನ್ನೂ ಹೇಳಿದಳು. ಒಳ್ಳೆಯ ನೆರೆಹೊರೆಯೂ ಅನುದಿನದ ಆಹಾರವೆಂಬ ಲೂಥರನ ವ್ಯಾಖ್ಯಾನವನ್ನು ನಾನು ಓದಿದುದು ಎಷ್ಟೋ ವರ್ಷಗಳ ಮೇಲೆ; ಅರ್ಥ ಅಂದೇ ಆಗಿತ್ತು.

ದೇವರು ಒದಗಿಸುವುದು ಬಹುಮಟ್ಟಿಗೆ ಮನುಷ್ಯರ ಕೈಗಳಿಂದಲೇ. ಚರಿತ್ರೆಯಲ್ಲಿಯೂ ಇದಕ್ಕೆ ನಿದರ್ಶನಗಳಿವೆ. ಪ್ರಷ್ಯದಲ್ಲಿ 1805ರಲ್ಲಿ ಹುಟ್ಟಿದ ಜಾರ್ಜ್ ಮುಲ್ಲರ್ ಎಂಬವನು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1836ರಲ್ಲಿ ಅನಾಥಾಲಯವನ್ನು ತೆರೆದನು. ಯಾರ ಮುಂದೆಯೂ ಹಣಕ್ಕಾಗಿ ಕೈಚಾಚದೆ ಪ್ರಾರ್ಥನೆಯಲ್ಲಿ ಮಾತ್ರ ಬೇಡುವೆನೆಂಬುದು ಅವನ ನಿಯಮ. 1870ರ ಹೊತ್ತಿಗೆ ಐದು ದೊಡ್ಡ ಕಟ್ಟಡಗಳಲ್ಲಿ ಸುಮಾರು 2,000 ಮಕ್ಕಳಿಗೆ ಸ್ಥಳವಾಗಿತ್ತು; 1898ರಲ್ಲಿ ಅವನು ತೀರಿಕೊಳ್ಳುವುದರೊಳಗೆ ಅಲ್ಲಿ ಬೆಳೆದ ಮಕ್ಕಳ ಸಂಖ್ಯೆ 10,000ವನ್ನು ಮೀರಿತ್ತು. ಆದರೆ ಇದೇ ಮುಲ್ಲರನು ಬಂದ ಪ್ರತಿಯೊಂದು ಕಾಸಿಗೂ ಲೆಕ್ಕವಿಟ್ಟು ವರದಿಗಳನ್ನು ಅಚ್ಚುಹಾಕಿಸುತ್ತಿದ್ದನು, ಸಾಲಮಾಡುತ್ತಿರಲಿಲ್ಲ, ಹುಡುಗರನ್ನು ಕಸುಬಿಗೆ ಹಚ್ಚದೆ ಹೊರಗೆ ಕಳಿಸುತ್ತಿರಲಿಲ್ಲ. ನಮ್ಮ ನಾಡಿನ ಸಂಗತಿಯನ್ನೇ ಹೇಳುವುದಾದರೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು, ಕ್ರೈಸ್ತರಾದುದರಿಂದ ಕುಲಕಸುಬನ್ನೂ ನೆಂಟರಿಷ್ಟರನ್ನೂ ಕಳೆದುಕೊಂಡವರಿಗೆ “ದೇವರು ನೋಡಿಕೊಳ್ಳುತ್ತಾನೆ” ಎಂಬ ಉಪದೇಶವನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ. ನೆಯ್ಗೆಯನ್ನು ಏರ್ಪಡಿಸಿದರು, 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಹಸಿದವನಿಗೆ ಅನ್ನ ಕೊಡದೆ ‘ಸಮಾಧಾನದಿಂದ ಹೋಗು’ ಎನ್ನುವವನ ನಂಬಿಕೆ ಸತ್ತ ನಂಬಿಕೆಯೆಂಬ ಯಾಕೋಬನ ಅಭಿಪ್ರಾಯವನ್ನು ಅವರು ಮರೆತಿರಲಿಲ್ಲ.

ಇಷ್ಟು ಹೇಳಿ ಮುಗಿಸಿದರೆ ಲೇಖನ ಅಪೂರ್ಣವಾದೀತು. ಬೇಡಿದುದು ದೊರೆಯದೆ ಹೋದಾಗ ಏನು? ನನ್ನ ತಮ್ಮನು ಆರನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡನು. ವೈದ್ಯರು ತಮ್ಮಿಂದಾದುದನ್ನೆಲ್ಲ ಮಾಡಿದರು. ನಾವೂ ಹಗಲಿರುಳು ಪ್ರಾರ್ಥಿಸಿದೆವು. ಮಣ್ಣುಮಾಡಿ ಬಂದ ಮೇಲೆ ನೆಂಟರಲ್ಲೊಬ್ಬರು, “ಎಲ್ಲಾ ದೇವರ ಚಿತ್ತ, ಅಳಬ್ಯಾಡ” ಎಂದು ಅವ್ವನಿಗೆ ಹೇಳಿದರು. ಅವಳು, “ಆತನ ಚಿತ್ತ ನನಗ ತಿಳಿದಿಲ್ಲ. ಅಳೋದು ಬ್ಯಾಡ ಅಂತ ಆತ ಎಲ್ಲೂ ಹೇಳಿಲ್ಲ” ಎಂದಳು. ಅಂದು ಊಟದ ಮುಂದಿನ ಪ್ರಾರ್ಥನೆ ಅವಳ ಬಾಯಿಂದ ಹೊರಡಲಿಲ್ಲ. ಮುಂದೆ ಹಲವು ವಾರಗಳವರೆಗೆ ಅವಳ ಪಾಲಿನದನ್ನು ಅಪ್ಪನೇ ಹೇಳಿದನು.

ಅವ್ವನ ಮಾತು ಶಾಸ್ತ್ರಕ್ಕೆ ಸಮ್ಮತವಾದುದೆಂದು ನಾನು ಈಗ ಬಲ್ಲೆ. ಸತ್ಯವೇದದ ಕೀರ್ತನೆಗಳಲ್ಲಿ ಸ್ತುತಿ ಎಷ್ಟಿದೆಯೋ ದೂರೂ ಅಷ್ಟೇ ಧಾರಾಳವಾಗಿದೆ. 88ನೆಯ ಕೀರ್ತನೆಯಂತೂ ಕತ್ತಲೆಯ ಮಾತಿನಿಂದಲೇ ಮುಗಿಯುತ್ತದೆ. ಯೋಬನ ಕಥೆಯಲ್ಲಿ, ಕಷ್ಟವೆಲ್ಲ ಪಾಪದ ಫಲವೆಂದು ವಾದಿಸಿದ ಮೂವರು ಗೆಳೆಯರ ಮೇಲೆ ದೇವರು ಸಿಟ್ಟಾಗುತ್ತಾನೆ. ಬೂದಿಯಲ್ಲಿ ಕುಳಿತು ಕೂಗಾಡಿದ ಯೋಬನೇ ಸರಿಯಾಗಿ ಮಾತಾಡಿದವನೆನಿಸುತ್ತಾನೆ. ಸಿಲೋವದಲ್ಲಿ ಬುರುಜು ಕುಸಿದು 18 ಜನ ಸತ್ತ ಸುದ್ದಿಯನ್ನು ಕುರಿತು ಮಾತಾಡುವಾಗ, ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ಎಣಿಸಬಾರದೆಂದು ಯೇಸುವು ಸ್ಪಷ್ಟವಾಗಿ ನುಡಿದನು. ಹುಟ್ಟುಕುರುಡನನ್ನು ಕಂಡು ಶಿಷ್ಯರು ಯಾರ ಪಾಪದ ಫಲವಿದೆಂದು ಕೇಳಿದಾಗಲೂ ಅವನು ಆ ಲೆಕ್ಕಾಚಾರವನ್ನು ಒಪ್ಪಲಿಲ್ಲ. ಆ ಮನುಷ್ಯನಿಗೆ ಕಣ್ಣು ಕೊಟ್ಟನು. ಆದುದರಿಂದ ಪರಿಪಾಲನೆಯ ನಂಬಿಕೆಯುಳ್ಳವನಿಗೆ ಪ್ರತಿಯೊಂದು ದುಃಖದ ಕಾರಣವೂ ತಿಳಿದಿರುತ್ತದೆಂದು ಭಾವಿಸುವುದು ಸರಿಯಲ್ಲ. ಕಾರಣ ತಿಳಿಯದಿರುವಾಗಲೂ ದೂರನ್ನು ಒಯ್ಯಲು ಅವನಿಗೊಂದು ಬಾಗಿಲಿರುತ್ತದೆ, ಅಷ್ಟೆ. ಆದರೆ ಈ ‘ಅಷ್ಟೆ’ ಎಂಬುದು ಚಿಕ್ಕದಲ್ಲ. ಅವ್ವನು ತಿರುಗಿ ಊಟದ ಮುಂದೆ ಪ್ರಾರ್ಥಿಸತೊಡಗಿದಾಗ ನಾವು ಯಾರೂ ಅವಳನ್ನು ಒತ್ತಾಯಪಡಿಸಿರಲಿಲ್ಲ.

ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಈ ನಂಬಿಕೆ ತನ್ನ ಪಾಲಿಗೆ ಹೇಳಿಕೊಂಡಾಗ ಔಷಧ, ಪರರ ಮೇಲೆ ಹೇರಿದಾಗ ವಿಷ. ಬಡವನು “ದೇವರು ಒದಗಿಸುವನು” ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡರೆ ಅದು ಭಕ್ತಿ. ಕೂಲಿ ಬಾಕಿಯಿಟ್ಟ ಧಣಿಯು ಅದೇ ಮಾತನ್ನು ಬಡವನಿಗೆ ಹೇಳಿದರೆ ಅದು ವಂಚನೆ. ಬೆಳೆ ಹೆಚ್ಚಾದಾಗ ಕಣಜಗಳನ್ನು ಕೆಡವಿ ಇನ್ನೂ ದೊಡ್ಡದಾಗಿ ಕಟ್ಟಿಸಬೇಕೆಂದಿದ್ದ ಐಶ್ವರ್ಯವಂತನು ಅದೇ ರಾತ್ರಿ ಸತ್ತನೆಂಬ ಸಾಮ್ಯವನ್ನು ಯೇಸುವು ಹೇಳಿದ್ದು ಉಳ್ಳವರ ಕಿವಿಗಾಗಿ.

ವಿದ್ಯಾರ್ಥಿಗಳಾದ ನಮಗೆ ನಾಳಿನ ಚಿಂತೆ ಹೊಸದಲ್ಲ. ಪರೀಕ್ಷೆಯ ಫಲ, ನೌಕರಿ, ಊರಿನಲ್ಲಿರುವ ಮುದಿ ತಂದೆತಾಯಿಗಳು, ತಂಗಿಯ ಮದುವೆ ಇವು ರಾತ್ರಿಯ ನಿದ್ದೆಯನ್ನು ಕೆಡಿಸುತ್ತವೆ. ಯೋಚನೆ ಬೇರೆ, ಚಿಂತೆ ಬೇರೆ. ಯೋಚನೆಯು ನಾಳಿನ ಕೆಲಸವನ್ನು ಇಂದು ವಹಿಯಲ್ಲಿ ಬರೆಯುತ್ತದೆ. ಚಿಂತೆಯು ನಾಳಿನ ಭಾರವನ್ನು ಇಂದೇ ಹೊರುತ್ತದೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಡುವುದಕ್ಕೆ ಕ್ರೈಸ್ತರ ಮನೆಗಳಲ್ಲಿ ಪರಿಪಾಲನೆಯ ನಂಬಿಕೆ ಸಹಾಯಮಾಡುತ್ತದೆ. ಬೇರೆ ಮತಗಳ ಮಿತ್ರರ ಮನೆಗಳಲ್ಲಿ ಬೇರೆ ಹೆಸರುಗಳಿಂದ ಇದೇ ಸಹಾಯ ದೊರೆಯುತ್ತಿರಬಹುದು. ಅದನ್ನು ಅವರು ಮುಂದಿನ ಸಂಚಿಕೆಯಲ್ಲಿ ಬರೆದರೆ ನಾನು ಆದರದಿಂದ ಓದುವೆನು. ಓದನ್ನು ದೇವರು ನನ್ನ ಬದಲಾಗಿ ಓದುವನೆಂದು ನಾನು ನಂಬಿಲ್ಲ. ಓದಿ ಮುಗಿಸಿದ ಮೇಲೆ ದೀಪವನ್ನಾರಿಸಿ ಮಲಗಬಹುದೆಂದು ಮಾತ್ರ ನಂಬಿದ್ದೇನೆ.