ತೂಕ ಇಳಿಯದೆಯೂ ಕರಗುವ ತೊಡೆ

ಕರ್ನೂಲು ಸೀಮೆಯ ಆದೋನಿ, ಕೋಸಿಗಿ, ಆಲೂರು ಕಡೆ ಹತ್ತಿ ಬಿಡಿಸುವವರು ಬಹುಪಾಲು ಹೆಂಗಸರೇ. ರುಮಟಾಯ್ಡ್ ಸಂಧಿವಾತವೂ ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು. ಮೊದಲು ಅದು ಹಿಡಿಯುವುದು ಸಾಮಾನ್ಯವಾಗಿ ಬೆರಳು, ಮಣಿಕಟ್ಟುಗಳನ್ನು. ಅಂದರೆ ಹತ್ತಿ ಕೀಳುವ ಕೈಯನ್ನೇ. ಕೀಲಿನ ಬಾವು, ಬೆಳಗಿನ ಬಿಗಿತ ಮನೆಯವರಿಗೆಲ್ಲ ಕಾಣುತ್ತವೆ. ಮಾಂಸಖಂಡ ಕರಗುವುದು ಮಾತ್ರ ಯಾರಿಗೂ ಕಾಣುವುದಿಲ್ಲ.

ಕೀಲನ್ನು ಊದಿಸುವ ಟಿಎನ್ಎಫ್ ಮೊದಲಾದ ಉರಿಯೂತದ ರಾಸಾಯನಿಕಗಳು ರಕ್ತದ ಜೊತೆ ಮೈಯೆಲ್ಲ ಸುತ್ತುತ್ತವೆ. ಆಗ ಸ್ನಾಯುವಿನ ಪ್ರೋಟೀನ್ ಕಟ್ಟಿಕೊಳ್ಳುವುದಕ್ಕಿಂತ ಬೇಗ ಒಡೆಯುತ್ತದೆ. ನೋವಿಗೆ ಹೆದರಿ ಕೂತರೆ ಇನ್ನಷ್ಟು ಸವೆತ. ಸ್ಟೀರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ತೊಡೆ-ತೋಳುಗಳಿಗೆ ಮತ್ತೊಂದು ಪೆಟ್ಟು. ಕರಗಿದ ಜಾಗವನ್ನು ಕೊಬ್ಬು ತುಂಬುವುದರಿಂದ ತೂಕ ಇದ್ದಷ್ಟೇ ಇರುತ್ತದೆ. ಹಾಗಾಗಿ ತಕ್ಕಡಿ ಬಿಟ್ಟು ಕುರ್ಚಿಯನ್ನು ನಂಬಿ. ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ವೈದ್ಯರಿಗೆ ಹೇಳಬೇಕು.

ಈ ಸವೆತ ತಡೆಯಲು ವ್ಯಾಯಾಮ ಬೇಕು. ದಿನವೆಲ್ಲ ಹೊಲದಲ್ಲಿ ದುಡಿಯುವವಳಿಗೆ ಅದು ಬೇರೆ ಯಾಕೆ? ಕೇಳಬೇಕಾದ ಪ್ರಶ್ನೆಯೇ. ಹತ್ತಿ ಬಿಡಿಸುವುದು ಬೆರಳನ್ನು ಸವೆಸುತ್ತದೆ, ಸೊಂಟವನ್ನು ದಣಿಸುತ್ತದೆ, ತೊಡೆಯನ್ನು ಬೆಳೆಸುವುದಿಲ್ಲ. ಸ್ನಾಯು ಬೆಳೆಯಲು ಭಾರ ಸ್ವಲ್ಪಸ್ವಲ್ಪವೇ ಏರಬೇಕು. ವಾರಕ್ಕೆ ಎರಡು-ಮೂರು ದಿನ, ನಡುವೆ ಬಿಡುವು ಕೊಟ್ಟು, ಕುರ್ಚಿಯಿಂದ ಎಂಟು-ಹತ್ತು ಸಲ ಎದ್ದು ಕೂರುವುದು ಒಂದು ಸುತ್ತು. ಅಂಥವು ಎರಡು ಸುತ್ತು ಸಾಕು. ಸುಲಭವಾದಾಗ ತಗ್ಗಿನ ಪೀಠಕ್ಕೆ ಬದಲಿಸಿ. ಕೈಯಲ್ಲಿ ಭಾರ ಹಿಡಿಯುವುದು ಬೇಡ, ಬೆರಳಿಗೆ ತ್ರಾಸು. ಮಂಡಿ ಊದಿ ಬಿಸಿಯಾಗಿರುವ ದಿನ ಕಾಲು ಚಾಚಿ, ತೊಡೆ ಬಿಗಿಹಿಡಿದು ಐದು ಎಣಿಸಿ ಸಡಿಲಿಸಿದರೆ ಆಯಿತು. ನೆದರ್ಲೆಂಡ್ಸ್‌ನಲ್ಲಿ ಸುಮಾರು 300 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷ ಬಿರುಸಾದ ವ್ಯಾಯಾಮ ಮಾಡಿದವರ ಓಡಾಟ ಸುಧಾರಿಸಿತು, ರೋಗ ಕೆರಳಲಿಲ್ಲ. ದೊಡ್ಡ ಕೀಲು ಮೊದಲೇ ಹಾಳಾಗಿದ್ದವರು ಮಾತ್ರ ಫಿಸಿಯೋಥೆರಪಿಸ್ಟರನ್ನು ಕೇಳಿಯೇ ಶುರುಮಾಡಬೇಕು.

ಊಟದ ಮಾತು. 50 ಕೆಜಿ ತೂಕದವಳಿಗೆ ದಿನಕ್ಕೆ 50-60 ಗ್ರಾಂ ಪ್ರೋಟೀನ್ ಬೇಕು. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಇರುವುದು ಹತ್ತು ಗ್ರಾಂ. ಅದರಲ್ಲೂ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಆ ಕೊರತೆ ತುಂಬುವುದು ತೊಗರಿಬೇಳೆ. ಒಂದು ಹಿಡಿ ಬೇಳೆ, ಒಂದು ಹಿಡಿ ಶೇಂಗಾ, ಒಂದು ಮೊಟ್ಟೆ, ಒಂದು ಲೋಟ ಹಾಲು: ಒಂದೊಂದರಲ್ಲೂ ಆರೇಳು ಗ್ರಾಂ ಸಿಗುತ್ತದೆ. ಆದರೆ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳಿಗೆ ಗಟ್ಟಿಬೇಳೆ ಮುಗಿದು ತಿಳಿಸಾರು ಉಳಿದಿರುತ್ತದೆ. ನನಗೆ ಬೇಸರ ತರುವುದು ಇದೇ. ಅವಳ ಪಾಲನ್ನು ಮೊದಲೇ ತೆಗೆದಿಡಿ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣವನ್ನು ವೈದ್ಯರೇ ಹೇಳಲಿ.

ಉರಿಯೂತ ತಗ್ಗದೆ ವ್ಯಾಯಾಮ, ಊಟ ಎರಡೂ ಪೂರ್ತಿ ಫಲ ಕೊಡುವುದಿಲ್ಲ. ಅದಕ್ಕೆ ಮೆಥೋಟ್ರೆಕ್ಸೇಟ್‌ನಂಥ ಔಷಧ ಬೇಕು. ಅದು ವಾರಕ್ಕೊಮ್ಮೆ ಮಾತ್ರ, ದಿನಾ ನುಂಗಿದರೆ ಜೀವಕ್ಕೆ ಅಪಾಯ. ಕರ್ನೂಲು, ಬಳ್ಳಾರಿ ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಅಂಗಡಿಯ ನೋವಿನ ಮಾತ್ರೆಯನ್ನು ಬಹುದಿನದಿಂದ ನುಂಗುತ್ತಿದ್ದರೆ ಅದರ ಖಾಲಿ ಸ್ಟ್ರಿಪ್ ಅನ್ನೂ ಜೊತೆಗೆ ಒಯ್ಯಿರಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಒಮ್ಮೆಗೇ ಬಿಡುವಂತಿಲ್ಲ, ವೈದ್ಯರು ಹಂತಹಂತವಾಗಿ ಇಳಿಸಬೇಕಾಗುತ್ತದೆ.